ಲೈಮ್‌ಲೈಟ್: ನಿಂಬೆಯಲ್ಲ, ಸುಣ್ಣ!

ದಿನಾ ಬಾಯಲ್ಲಿ ಓಡಾಡುವ ಕೆಲವು ಇಂಗ್ಲಿಷ್ ಪದಗಳನ್ನು ನಾವು ಒಮ್ಮೆಯೂ ಬಿಚ್ಚಿ ನೋಡಿರುವುದಿಲ್ಲ. ‘ಲೈಮ್‌ಲೈಟ್’ ಅಂಥ ಒಂದು ಪದ. ಹೊಸ ಕ್ರಿಕೆಟಿಗ ಲೈಮ್‌ಲೈಟಿಗೆ ಬಂದ, ಹಳೆಯ ನಟಿ ಲೈಮ್‌ಲೈಟಿನಿಂದ ದೂರ ಸರಿದರು, ಆಫೀಸಿನಲ್ಲಿ ಮಾಡಿದ್ದು ಯಾರೋ, ಲೈಮ್‌ಲೈಟ್ ಹೊಡೆದುಕೊಂಡಿದ್ದು ಇನ್ಯಾರೋ. ಕನ್ನಡ ಪತ್ರಿಕೆಗಳೂ ಇದನ್ನು ಹಾಗೇ ಅಚ್ಚು ಹಾಕುತ್ತವೆ.

“ಲೈಮ್ ಅಂದ್ರೆ ನಿಂಬೆಹಣ್ಣು ತಾನೆ ಅಪ್ಪಾ? ಅದರಿಂದ ಲೈಟ್ ಹೇಗೆ ಉರಿಯುತ್ತೆ?” ಎಂದು ಮಗಳು ಕೇಳಿದಳು. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ನಿಂಬೆಹಣ್ಣುಗಳಿಗೆ ತಂತಿ ಚುಚ್ಚಿ ಸಣ್ಣ ಬಲ್ಬ್ ಉರಿಸಿದ್ದನ್ನು ನೋಡಿದ ಮಗುವಿಗೆ ಈ ಅನುಮಾನ ಬಂದದ್ದು ಸಹಜವೇ. ಆದರೆ ಇದು ನಿಂಬೆಯ ಲೈಮ್ ಅಲ್ಲ, ಸುಣ್ಣದ ಲೈಮ್. ಇಂಗ್ಲಿಷಿನಲ್ಲಿ ಎರಡರ ಕಾಗುಣಿತ ಒಂದೇ, ಮೂಲ ಬೇರೆ ಬೇರೆ. ಹಣ್ಣಿನ ಹೆಸರು ಅರಬ್ಬಿ ಕಡೆಯಿಂದ ಬಂದದ್ದು. ಸುಣ್ಣದ ಹೆಸರು ಇಂಗ್ಲಿಷಿನದೇ ಹಳೆಯ ಪದ. ಅಂಟು ಅನ್ನುವ ಅರ್ಥದ ಜರ್ಮನ್ ಪದ ಅದಕ್ಕೆ ದಾಯಾದಿ. ಗೋಡೆ ಕಟ್ಟುವ ಗಾರೆಗೆ ಸುಣ್ಣವೇ ಅಂಟು ತಾನೆ?

ಹಾಗಾದರೆ ಸುಣ್ಣ ದೀಪವಾಗಿದ್ದು ಹೇಗೆ? ಆಮ್ಲಜನಕ, ಜಲಜನಕ ಎರಡನ್ನೂ ಸೇರಿಸಿ ಉರಿಸಿದರೆ ಬರುವ ಜ್ವಾಲೆಗೆ ಭಯಂಕರ ಶಾಖವಿದೆ, ಬೆಳಕು ಮಾತ್ರ ಅಷ್ಟಕ್ಕಷ್ಟೆ. ಆ ಜ್ವಾಲೆಯನ್ನು ಸುಟ್ಟ ಸುಣ್ಣದ ತುಂಡಿನ ಮೇಲೆ ಹಾಯಿಸಿದರೆ ಸುಣ್ಣ ಸುಲಭಕ್ಕೆ ಕರಗುವುದಿಲ್ಲ. ಅದು ಕರಗಬೇಕಾದರೆ 2,500 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕರಗದೆ ನಿಂತ ಸುಣ್ಣ ಕಣ್ಣು ಕೋರೈಸುವಂತೆ ಬೆಳ್ಳಗೆ ಹೊಳೆಯುತ್ತದೆ. 1820ರ ದಶಕದಲ್ಲಿ ಇಂಗ್ಲೆಂಡಿನ ಗೋಲ್ಡ್ಸ್‌ವರ್ದಿ ಗರ್ನಿ ಈ ಜ್ವಾಲೆಯ ಪ್ರಯೋಗಗಳನ್ನು ಮಾಡಿದರು. ಸುಣ್ಣದ ಬೆಳಕಿನ ಪ್ರಾತ್ಯಕ್ಷಿಕೆಯೊಂದನ್ನು ಮೈಕೇಲ್ ಫ್ಯಾರಡೆ ತೋರಿಸಿದಾಗ ಅಲ್ಲಿದ್ದವರು ಥಾಮಸ್ ಡ್ರಮಂಡ್ ಎಂಬ ಸೇನಾ ಎಂಜಿನಿಯರ್. ಐರ್ಲೆಂಡಿನ ಭೂಮಾಪನ ಮಾಡುತ್ತಿದ್ದ ಅವರಿಗೆ ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಕಾಣುವ ದೀಪ ಬೇಕಿತ್ತು. ಅವರು ಸುಣ್ಣದ ದೀಪ ಮಾಡಿಸಿ ಉರಿಸಿದರು. 100 ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಕಂಡಿತು. ಜನ ಅದನ್ನು ‘ಡ್ರಮಂಡ್ ಲೈಟ್’ ಎಂದೇ ಕರೆದರು. ಗರ್ನಿಯ ಹೆಸರು ಹಿಂದೆ ಉಳಿಯಿತು. ಲೈಮ್‌ಲೈಟಿನ ವಿಷಯದಲ್ಲೇ ಲೈಮ್‌ಲೈಟ್ ಸಿಕ್ಕಿದ್ದು ಇನ್ನೊಬ್ಬರಿಗೆ!

1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರಕ್ಕೆ ಈ ದೀಪ ಬಂತು. ಅಲ್ಲಿಯವರೆಗೆ ಮೊದಲು ಮೇಣದ ಬತ್ತಿ ಮತ್ತು ಎಣ್ಣೆ, ಆಮೇಲೆ ಗ್ಯಾಸು. ರಂಗವೆಲ್ಲ ಒಂದೇ ಹದದಲ್ಲಿ ಬೆಳಗುತ್ತಿತ್ತು. ಸುಣ್ಣದ ಬೆಳಕನ್ನು ಮಸೂರದ ಮೂಲಕ ಹಾಯಿಸಿ ಒಬ್ಬನೇ ನಟನ ಮೇಲೆ ಬಿಡಬಹುದಿತ್ತು. ಅವನು ನಡೆದ ಕಡೆ ಬೆಳಕೂ ನಡೆಯುತ್ತಿತ್ತು. ರಂಗದ ಮೇಲೆ ಹತ್ತು ಜನ ಇದ್ದರೂ ಪ್ರೇಕ್ಷಕರ ಕಣ್ಣು ಆ ಒಬ್ಬನ ಮೇಲೆ. ‘ಲೈಮ್‌ಲೈಟಿನಲ್ಲಿ ಇರುವುದು’ ಎಂಬ ಮಾತು ಹುಟ್ಟಿದ್ದು ಇಲ್ಲೇ. ಕರೆಂಟು ಬಂದ ಮೇಲೆ ದೀಪ ಮೂಲೆ ಸೇರಿತು, ಪದ ಉಳಿಯಿತು. ಬ್ರಿಟನ್ನಿನ ರಂಗಭೂಮಿಯವರು ನಟನನ್ನು ಹಿಂಬಾಲಿಸುವ ವಿದ್ಯುತ್ ದೀಪಕ್ಕೂ ಬಾಯಿಮಾತಿನಲ್ಲಿ ‘ಲೈಮ್’ ಎನ್ನುವುದುಂಟು.

ಆ ದೀಪ ತಾನಾಗಿ ಉರಿಯುತ್ತಿರಲಿಲ್ಲ. ಪ್ರತಿ ದೀಪಕ್ಕೂ ಒಬ್ಬ ಆಳು ಬೇಕು. ಜ್ವಾಲೆ ಒಂದೇ ಕಡೆ ತಾಗಿದರೆ ಸುಣ್ಣದಲ್ಲಿ ಗುಳಿ ಬೀಳುತ್ತದೆ, ತುಂಡು ಸೀಳುತ್ತದೆ. ಹಾಗಾಗಿ ಅವನು ಅದನ್ನು ಆಗಾಗ ತಿರುಗಿಸುತ್ತಲೇ ಇರಬೇಕು, ಎರಡು ಗ್ಯಾಸಿನ ಹದ ನೋಡಬೇಕು, ನಟನಿಂದ ಬೆಳಕು ತಪ್ಪಬಾರದು. ಗ್ಯಾಸು ತುಂಬಿದ ಚೀಲಗಳನ್ನು ಹಲಗೆಗಳ ನಡುವೆ ಇಟ್ಟು ಮೇಲೆ ಭಾರ ಹೇರುತ್ತಿದ್ದರು. ಎಚ್ಚರ ತಪ್ಪಿದರೆ ಸ್ಫೋಟ. ಇಷ್ಟೆಲ್ಲ ಮಾಡುವವನು ಕತ್ತಲಲ್ಲಿ.

ಲೈಮ್‌ಲೈಟನ್ನು ನೋಡಿರದಿದ್ದರೂ ಅದರ ತಮ್ಮನನ್ನು ನೀವು ನೋಡಿದ್ದೀರಿ: ಪೆಟ್ರೋಮ್ಯಾಕ್ಸ್, ನಮ್ಮೂರಿನ ಬಾಯಲ್ಲಿ ಗ್ಯಾಸ್‌ಲೈಟು. ಅದರ ಮ್ಯಾಂಟಲ್ ಒಮ್ಮೆ ಉರಿದ ಮೇಲೆ ಮುಟ್ಟಿದರೆ ಪುಡಿಯಾಗುವ ಬಿಳಿ ಬಲೆಯಾಗುತ್ತದಲ್ಲ, ಅಲ್ಲೂ ಉರಿಗೆ ಕರಗದ ಆಕ್ಸೈಡೇ ಹೊಳೆಯುವುದು. ಸುಣ್ಣದ ಬದಲು ಥೋರಿಯಂ, ಅಷ್ಟೆ. ದೀವಟಿಗೆಯ ಕಾಲದ ನಂತರ, ಕರೆಂಟಿಗೆ ಮೊದಲು, ಕರಾವಳಿ ಮಲೆನಾಡಿನ ಯಕ್ಷಗಾನ ಬಯಲಾಟಗಳು ಇದೇ ಬೆಳಕಿನಲ್ಲಿ ನಡೆದವು. ಬೆಳಕು ಮಂಕಾದಾಗ ಬಂದು ಪಂಪು ಹೊಡೆದು ಹೋಗುವವನ ಮುಖ ಯಾರಿಗೆ ನೆನಪಿದೆ? ಮದುವೆಯ ದಿಬ್ಬಣದಲ್ಲಿ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತು ನಡೆದವರೂ ಹಾಗೆಯೇ. ಹಳೆಯ ಫೋಟೋ ತೆಗೆದು ನೋಡಿ. ಮದುಮಗ ಸ್ಪಷ್ಟವಾಗಿರುತ್ತಾನೆ, ದೀಪ ಹೊತ್ತವರು ಅರ್ಧಕ್ಕೆ ಕತ್ತರಿಸಿ ಹೋಗಿರುತ್ತಾರೆ.

ಈ ಪದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಬೆಳಕಿಗೆ ಬರುವುದು’ ಹತ್ತಿರವಿದೆ, ಆದರೆ ನಮ್ಮಲ್ಲಿ ಹೊಸ ಕವಿಯೂ ಬೆಳಕಿಗೆ ಬರುತ್ತಾನೆ, ಹಗರಣವೂ ಬೆಳಕಿಗೆ ಬರುತ್ತದೆ. ‘ಮುನ್ನೆಲೆಗೆ ಬರುವುದು’ ವಿಚಾರಗಳಿಗೆ ಒಪ್ಪುತ್ತದೆ. ‘ಹೆಸರು ಮಾಡುವುದು’ ಸ್ವಂತ ಶ್ರಮದ ಮಾತು. ಲೈಮ್‌ಲೈಟಿಗೆ ಶ್ರಮ ಬೇಕೆಂದೇನಿಲ್ಲ, ಇಷ್ಟವಿಲ್ಲದವರ ಮೇಲೂ ಅದು ಬಿದ್ದೀತು. ನನ್ನನ್ನು ಕೇಳಿದರೆ ನಮ್ಮಲ್ಲಿ ಇದರ ಇನ್ನೊಂದು ಮುಖಕ್ಕೆ ಪದವಿದೆ. ಪೂರ್ತಿ ದಣಿದವರನ್ನು ನಾವು ‘ದುಡಿದು ದುಡಿದು ಸುಣ್ಣವಾದರು’ ಎನ್ನುತ್ತೇವೆ. ಇಂಗ್ಲಿಷಿನವರು ಸುಣ್ಣದಿಂದ ಬಂದ ಬೆಳಕಿಗೆ ಹೆಸರಿಟ್ಟರು, ನಾವು ಸುಣ್ಣವಾದವರಿಗೆ.

ಸಾಫ್ಟ್‌ವೇರ್ ಕೆಲಸದಲ್ಲಿ ಹದಿನೈದು ವರ್ಷ ಕಳೆದವನಿಗೆ ಇದು ಬರೀ ನಿಘಂಟಿನ ಮಾತಲ್ಲ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಒಬ್ಬ ಹುಡುಗಿ ಎರಡು ವರ್ಷ ರಾತ್ರಿ ಪಾಳಿಯಲ್ಲಿ ನಮ್ಮ ಸಿಸ್ಟಂ ಕಾಯ್ದಳು. ರಾತ್ರಿ ಎರಡಕ್ಕೆ ಏನಾದರೂ ಕೆಟ್ಟರೆ ಬೆಳಗ್ಗೆ ನಾವು ಬರುವಷ್ಟರಲ್ಲಿ ಸರಿಯಾಗಿರುತ್ತಿತ್ತು. ಕೆಟ್ಟಿತ್ತು ಎಂಬುದೇ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ಪ್ರಾಜೆಕ್ಟಿಗೆ ಪ್ರಶಸ್ತಿ ಬಂದ ದಿನ ಸ್ಲೈಡಿನಲ್ಲಿ ಆರು ಹೆಸರಿದ್ದವು, ಅವಳದ್ದಿರಲಿಲ್ಲ. ಎರಡು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಇಬ್ಬರನ್ನು ಹಾಕಿದರು, ಆದರೂ ಆ ವರ್ಷವೆಲ್ಲ ರಾತ್ರಿಗಳು ನೆಟ್ಟಗಾಗಲಿಲ್ಲ. ಸುಣ್ಣ ತಿರುಗಿಸುವವರು ಎದ್ದು ಹೋದರೆ ಮುಂದೆ ನಿಂತ ನಾಯಕನೂ ಕತ್ತಲಲ್ಲೇ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವ ಗಾದೆ ಅಪ್ರೈಸಲ್ ಹೊತ್ತಿನಲ್ಲಿ ನೆನಪಾಗದವರು ಯಾರು?

ನವೆಂಬರ್ ಬಂತೆಂದರೆ ಮುಂಬಯಿ, ಪುಣೆ, ಹೈದರಾಬಾದ್ ಎಲ್ಲ ಕಡೆ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವದ ನಾಟಕ ಇರುತ್ತದೆ. ಅತಿಥಿಗಳಿಗೆ ಶಾಲು, ನಟರಿಗೆ ಚಪ್ಪಾಳೆ. ನಮ್ಮ ಸಂಘದಲ್ಲಿ ಈ ಸಲ ನಾನು ಒಂದು ಸಣ್ಣ ಕೋರಿಕೆ ಇಟ್ಟಿದ್ದೇನೆ. ಬೆಳಕಿನವರು, ಧ್ವನಿಯವರು, ತಿಂಗಳಿಂದ ಮಕ್ಕಳಿಗೆ ಕನ್ನಡದ ಮಾತು ಬಾಯಿಪಾಠ ಮಾಡಿಸಿದ ಅಮ್ಮಂದಿರು, ಇವರೆಲ್ಲರ ಹೆಸರು ಆಮಂತ್ರಣದಲ್ಲಿ ಇರಲಿ, ನಟರ ಅಕ್ಷರದಷ್ಟೇ ದೊಡ್ಡದಾಗಿ. ಸಮಿತಿಯವರು ಜಾಗ ಸಾಲದು ಅನ್ನುತ್ತಿದ್ದಾರೆ. ಪ್ರಾಯೋಜಕರ ಫೋಟೋ ಚಿಕ್ಕದು ಮಾಡಿದರೆ ಸಾಲುತ್ತದೆ ಎಂದು ನಾನು ಅನ್ನುತ್ತಿದ್ದೇನೆ. ಮಾತುಕತೆ ನಡೆದಿದೆ.

ಅಂದ ಹಾಗೆ, ಪೆಟ್ರೋಮ್ಯಾಕ್ಸಿಗೆ ನಿಮ್ಮೂರಿನಲ್ಲಿ ಏನನ್ನುತ್ತಿದ್ದರು? ಅದನ್ನು ಹಚ್ಚುವುದರಲ್ಲಿ ಪಳಗಿದವರು ಯಾರಿದ್ದರು? ಹೆಸರು ನೆನಪಿದ್ದರೆ ಬರೆದು ಕಳಿಸಿ.