ಆಟ ನಾಲ್ವರದ್ದು, ಫೈಲು ಮಾತ್ರ ಒಬ್ಬನದ್ದೇ?

ಬ್ಯಾಕಪ್ ಎಂದರೆ ದೊಡ್ಡ ಕಂಪನಿಗಳ ಸರ್ವರ್ ಕೋಣೆಯ ಕೆಲಸ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಮಿನಿ ಪ್ರಾಜೆಕ್ಟ್ ಇರುವುದು ಒಂದೇ ಪೆನ್‌ಡ್ರೈವ್‌ನಲ್ಲಿ. ಅಂಕಪಟ್ಟಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ. ರೆಸ್ಯೂಮೆಗೆ ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಲಾಸ್ಟ್’ ಎಂಬ ಮೂರು ಹೆಸರು. ಈ ವಿಷಯವನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಒಂದು ಆಟದ ದೆಸೆಯಿಂದ. ಹೀಗೆಂದರೆ ಮನೆಯ ಹಿರಿಯರು ನಗುತ್ತಾರೆ. ನಗಲಿ.

ಆಟದ ಹೆಸರು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನಿಂದ ಈ ಬಗೆಯ ಆಟಗಳು ಜನಪ್ರಿಯವಾದವು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ, ಸಂಕಟ ಬಂದಾಗ ದಾಳ ಉರುಳಿಸುತ್ತಾರೆ. ನಮ್ಮ ಕಡೆಯ ಕೇಳಿಕೆ ನೋಡಿದವರಿಗೆ ಹೇಳುವುದು ಸುಲಭ: ಭಾಗವತನಿದ್ದಾನೆ, ವೇಷಗಳಿವೆ, ಆದರೆ ಮುಂದಿನ ಮಾತು ಭಾಗವತನಿಗೂ ಗೊತ್ತಿಲ್ಲ. ವಾರವಾರ ಮುಂದುವರಿಯುವ ಇಡೀ ಕಥೆಗೆ ಕ್ಯಾಂಪೇನ್ ಎನ್ನುತ್ತಾರೆ.

ನಾವು ನಾಲ್ವರು. ನಾನು ಚಿಕ್ಕಬಳ್ಳಾಪುರ, ಉಳಿದವರು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರು. ಶನಿವಾರ ರಾತ್ರಿ ಒಂದೇ ಮೇಜಿನ ಸುತ್ತ ಕೂರಬೇಕೆಂದರೆ ಕೊನೆಯ ಬಸ್ಸಿನ ಚಿಂತೆ. ಹಾಗಾಗಿ ಮೇಜು ಕಂಪ್ಯೂಟರಿಗೆ ಬಂತು. ನಕ್ಷೆ, ಪಾತ್ರಗಳ ಪಟ್ಟಿ, ದಾಳ ಎಲ್ಲವನ್ನೂ ಪರದೆಯ ಮೇಲೆ ಹರಡುವ ಇಂಥ ತಂತ್ರಾಂಶಕ್ಕೆ ವರ್ಚುವಲ್ ಟೇಬಲ್‌ಟಾಪ್ ಎಂದು ಹೆಸರು. ನಾವು ಬಳಸುವುದು ಫೌಂಡ್ರಿ. ಕಥೆ ನಡೆಸುವವನೊಬ್ಬ ಕೊಂಡರೆ ಸಾಕು, ಉಳಿದವರು ಬ್ರೌಸರ್‌ನಲ್ಲೇ ಸೇರಿಕೊಳ್ಳಬಹುದು. ನಮ್ಮಲ್ಲಿ ಕೊಂಡವನು ಚಿಂತಾಮಣಿಯವನು. ಆದ್ದರಿಂದ ಕಥೆ ನಡೆದದ್ದೂ ಅವನ ಊರಿನ ಪಕ್ಕದ ಕೈವಾರದಲ್ಲಿ. ಅದೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನಮ್ಮ ಕಥೆಯಲ್ಲಿ ಬಕಾಸುರ ಸತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಬಕಾಸುರನಿಗೆ ದನಿ ಕೊಟ್ಟವರು ಶಿಡ್ಲಘಟ್ಟದ ಗೆಳೆಯನ ಅಜ್ಜ. ವಯಸ್ಸಿನಲ್ಲಿ ಕೇಳಿಕೆ ಕಟ್ಟಿದವರು. ಮೊಮ್ಮಕ್ಕಳ ಕಂಪ್ಯೂಟರ್ ಆಟಕ್ಕೆ ಎಂದಾಗ ಮೊದಲು ಬೈದರು. ಆಮೇಲೆ ಗಂಟಲು ಸರಿಮಾಡಿಕೊಂಡು ನಾಲ್ಕು ನಿಮಿಷ ಅಬ್ಬರಿಸಿದರು. ಅದನ್ನು ಆಟದೊಳಗೆ ಸೇರಿಸಿದ್ದೆವು. ಮುಂದೆ ಅಜ್ಜ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ ಚಿಂತಾಮಣಿಯ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಕೈಕೊಟ್ಟಿತು.

ಬ್ಯಾಕಪ್ ಇರಲಿಲ್ಲವೇ? ಇತ್ತು. ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ‘ವರ್ಲ್ಡ್ಸ್’ ಎಂಬ ಫೋಲ್ಡರ್ ಪೂರ್ತಿ ಇತ್ತು. ಬೇರೆ ಯಂತ್ರದಲ್ಲಿ ತೆರೆದಾಗ ಪಾತ್ರಗಳು ಬಂದವು, ಟಿಪ್ಪಣಿಗಳು ಬಂದವು, ದಾಳದ ಲೆಕ್ಕವೂ ಬಂತು. ನಕ್ಷೆಗಳು ಮಾತ್ರ ಕಪ್ಪು. ದನಿಯೂ ಇಲ್ಲ.

ಕಾರಣ ಸರಳ. ಫೌಂಡ್ರಿಯ ‘ಡೇಟಾ’ ಫೋಲ್ಡರಿನೊಳಗೆ ವರ್ಲ್ಡ್ಸ್, ಸಿಸ್ಟಮ್ಸ್, ಮಾಡ್ಯೂಲ್ಸ್ ಎಂಬ ಮೂರು ಮುಖ್ಯ ಫೋಲ್ಡರ್‌ಗಳಿರುತ್ತವೆ. ಕಥೆಯ ದಾಖಲೆ ಇರುವುದು ವರ್ಲ್ಡ್ಸ್‌ನಲ್ಲಿ. ಚಿತ್ರ, ಧ್ವನಿಯನ್ನು ಮಾತ್ರ ನಾವು ಡೇಟಾದೊಳಗೆ ಎಲ್ಲಿ ಬೇಕಾದರೂ ಇಡಬಹುದು. ಅವು ವರ್ಲ್ಡ್ಸ್‌ನ ಹೊರಗಿದ್ದರೆ ಕಥೆಯ ದಾಖಲೆಯೊಳಗೆ ಅವುಗಳ ವಿಳಾಸ ಮಾತ್ರ ಇರುತ್ತದೆ. ವಿಳಾಸದ ಚೀಟಿ ಉಳಿಯಿತು, ಮನೆ ಹೋಯಿತು. ನಕ್ಷೆಗಳನ್ನು ನಮ್ಮ ವಾಟ್ಸ್‌ಆ್ಯಪ್ ಗುಂಪಿನಿಂದ ಹೆಕ್ಕಿದೆವು. ಫೋಟೊ ಎಂದು ಕಳಿಸಿದ್ದು ಕುಗ್ಗಿ ಮಸುಕಾಗಿರುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದ್ದು ಹಾಗೇ ಇರುತ್ತದೆ. ನಮ್ಮವು ಹೆಚ್ಚಿನವು ಮಸುಕು. ಅಜ್ಜನ ನಾಲ್ಕು ನಿಮಿಷ ಸಿಗಲಿಲ್ಲ. ಮೈಕ್ ಪರೀಕ್ಷೆಗೆಂದು ಅವರು ‘ಕೇಳ್ತದೇನ್ರೋ’ ಎಂದ ಒಂದು ವಾಯ್ಸ್ ನೋಟ್ ಗೌರಿಬಿದನೂರಿನ ಫೋನಿನಲ್ಲಿ ಉಳಿದಿದೆ.

ಚಿಂತಾಮಣಿಯವನನ್ನು ಬೈಯಲು ನನಗೆ ಮನಸ್ಸಿಲ್ಲ. ನಾಲ್ವರ ಕಥೆಯನ್ನು ಕಾಯುವ ಕೆಲಸ ಒಬ್ಬನ ತಲೆಗೆ ಕಟ್ಟಿ ಮೂವರು ಹಾಯಾಗಿರುವುದು ಯಾವ ನ್ಯಾಯ? ಗ್ರೂಪ್ ಪ್ರಾಜೆಕ್ಟ್ ಮಾಡಿದ ಯಾರಿಗಾದರೂ ಈ ನ್ಯಾಯ ಪರಿಚಿತ.

ಇನ್ನೊಂದು ಮಾತು. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ. 1998ರಲ್ಲಿ ಪಿಕ್ಸರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ಸಿನಿಮಾದ ಫೈಲುಗಳು ಒಂದು ತಪ್ಪು ಆದೇಶದಿಂದ ಅಳಿಸಿಹೋಗತೊಡಗಿದವು. ಬ್ಯಾಕಪ್ ಇದೆ ಎಂದು ನೆಮ್ಮದಿಯಾಗಿದ್ದವರು ತೆರೆದಾಗ ಅದು ಸರಿಯಾಗಿ ಕೆಲಸವೇ ಮಾಡಿರಲಿಲ್ಲ. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಗಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಸಿನಿಮಾವನ್ನು ಉಳಿಸಿತು. ಡಿಬಿಎಂಎಸ್‌ನಲ್ಲಿ ರಿಕವರಿ ಎಂದು ಪುಟಗಟ್ಟಲೆ ಬರೆದು ಅಂಕ ತೆಗೆಯುವ ನಾವು, ನಮ್ಮದೇ ಒಂದು ಫೋಲ್ಡರನ್ನು ಬೇರೆ ಯಂತ್ರದಲ್ಲಿ ಮರುಸ್ಥಾಪಿಸಿ ನೋಡಿರುವುದಿಲ್ಲ.

‘ಎಲ್ಲ ಕ್ಲೌಡ್‌ನಲ್ಲಿದೆಯಲ್ಲ’ ಎನ್ನುವವರಿಗೆ: ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇಲ್ಲಿ ಅಳಿಸಿದರೆ ಸಿಂಕ್ ಅಲ್ಲಿಯೂ ವಿಧೇಯವಾಗಿ ಅಳಿಸುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿ ಕಾಯುವುದು 30 ದಿನ. ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಅದು ಕಳೆದಿರುತ್ತದೆ. ಉಚಿತ 15 ಜಿಬಿಯಲ್ಲಿ ಮೇಲ್, ಫೋಟೊಗಳೂ ಪಾಲುದಾರರು. ಹಾಗೆಂದು ಕ್ಲೌಡ್ ಬೇಡವೆಂದಲ್ಲ, ಅದೊಂದೇ ಸಾಲದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಹಳೆಯ ಸೂತ್ರವಿದೆ. ನಾಲ್ಕು ಊರಿನಲ್ಲಿ ಹಂಚಿಹೋದವರಿಗೆ ‘ಬೇರೆ ಜಾಗ’ ಹುಡುಕುವ ಕಷ್ಟವೇ ಇಲ್ಲ.

ಈಗ ನಾವು ಮಾಡುವುದಿಷ್ಟು. ಆಟ ಮುಗಿದ ಮೇಲೆ ತಂತ್ರಾಂಶವನ್ನು ಪೂರ್ತಿ ಮುಚ್ಚಿ, ಆಮೇಲೆ ಇಡೀ ಡೇಟಾ ಫೋಲ್ಡರನ್ನು ನಕಲು ಮಾಡುತ್ತೇವೆ. 2023ರ 11ನೇ ಆವೃತ್ತಿಯಿಂದ ಫೌಂಡ್ರಿ ಲೆವೆಲ್‌ಡಿಬಿ ಎಂಬ ಡೇಟಾಬೇಸ್ ಬಳಸುತ್ತದೆ. ಓಡುತ್ತಿರುವಾಗ ನಕಲಿಸಿದರೆ ಅರ್ಧ ಬರೆದ ಫೈಲು ಬಂದು ಕೂರಬಹುದು. ಹೊಸ ಆವೃತ್ತಿ ಹಾಕುವ ಮುಂಚೆ ಒಂದು ಪ್ರತಿ ಕಡ್ಡಾಯ, ಏಕೆಂದರೆ ಹೊಸದರಲ್ಲಿ ಒಮ್ಮೆ ತೆರೆದು ಬದಲಾದ ಕಥೆಯನ್ನು ಹಳೆಯದು ಓದುವುದಿಲ್ಲ. ಚಿತ್ರ, ಧ್ವನಿಯೆಲ್ಲ ಈಗ ಕಥೆಯ ಫೋಲ್ಡರಿನೊಳಗೇ ಇವೆ. ಫೋಲ್ಡರಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ. ಹಾಗಿಟ್ಟರೆ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ‘ಫೈನಲ್’ ಎಂಬ ಪದಕ್ಕೆ ನಮ್ಮಲ್ಲಿ ಬಹಿಷ್ಕಾರ. ಟಿಪ್ಪಣಿಗಳು ಕನ್ನಡದಲ್ಲೇ, ಆದರೆ ಯೂನಿಕೋಡ್‌ನಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದವರಿಗೆ ಆ ಗೋಜಲು ಗೊತ್ತು.

ಟಿಪ್ಪಣಿಗಳನ್ನು ಸಾದಾ ಪಠ್ಯವಾಗಿಯೂ ತೆಗೆದಿಡಬೇಕು ಎಂಬುದು ನನ್ನ ಹಟ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವು ರೂಪಿಸಿದ ಇಸ್ಪೀಟು, ಮಣೆಯಾಟಗಳನ್ನು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ವಿವರವಾಗಿ ಬರೆಸಿಟ್ಟರು. ಆಡಿದವರು ಯಾರೂ ಇಲ್ಲದಿದ್ದರೂ ಆಟ ಹೇಗಿತ್ತೆಂದು ಇಂದು ತಿಳಿಯಬಹುದು. ಫೌಂಡ್ರಿ ಇನ್ನು ಇಪ್ಪತ್ತು ವರ್ಷ ಇರುತ್ತದೋ ಇಲ್ಲವೋ, ಸಾದಾ ಪಠ್ಯದ ಫೈಲನ್ನು ಯಾವ ಯಂತ್ರವಾದರೂ ತೆರೆದೀತು.

ಬಿ.ಇ. ಮುಗಿದರೆ ನಾಲ್ವರೂ ನಾಲ್ಕು ದಿಕ್ಕು. ಅದಕ್ಕೇ ತಿಂಗಳಿಗೊಮ್ಮೆ ಸರದಿ: ಒಬ್ಬರ ಊರಿನ ಪ್ರತಿಯನ್ನು ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ, ಇಂಟರ್‌ನೆಟ್ ಇಲ್ಲದೆ, ತೆರೆದು ನೋಡುವುದು. ಈ ತಿಂಗಳು ಗೌರಿಬಿದನೂರಿನದ್ದು. ನಕ್ಷೆಗಳು ಬರುತ್ತವೆಯೇ, ದನಿ ಕೇಳುತ್ತದೆಯೇ ಎಂದು ನೋಡಿದ ಮೇಲೇ ಆಟ.