ಸೋಲಾರ್ ಪಂಪಿನ ಸಹಾಯಧನ: ಕೃಪೆಯೋ, ಹಕ್ಕೋ?

ಹಿರೀಸಾವೆಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತು, "ಸೆಕ್ರೆಟರಿಗಳೇ, ಸೋಲಾರ್ ಪಂಪಿಗೆ ಸರ್ಕಾರ ದುಡ್ಡು ಕೊಡುತ್ತಲ್ಲ, ಅದು ಯಾವ ಕಾನೂನಿನಲ್ಲಿ? ಕೊಡದೇ ಹೋದರೆ ಕೇಳೋಕೆ ನಮಗೇನು ಹಕ್ಕಿದೆ?" ಎಂದು ಕೇಳಿದರು. ತಮ್ಮ ಪಾಲಿನ ಹಣ ಕಟ್ಟಿ ಎರಡು ಬೇಸಿಗೆ ಕಳೆದವರು ಅವರು. ಕೊಳವೆಬಾವಿಯಲ್ಲಿ ನೀರಿದೆ, ಎತ್ತುವ ಯಂತ್ರ ಬಂದಿಲ್ಲ. ಅಡಿಕೆ ಸಸಿಗಳಿಗೆ ಟ್ಯಾಂಕರ್ ನೀರೇ ಗತಿ. ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆಮೇಲೆ ಪುಸ್ತಕಗಳನ್ನು ತಿರುವಿ ನೋಡಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಸರ್ಕಾರ ಹೀಗೆ ಹಣ ಕೊಡುವುದು ಕಾನೂನುಬದ್ಧವೇ ಹೌದು. ಸಂವಿಧಾನದ 282ನೇ ಅನುಚ್ಛೇದ ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಅನುದಾನ ಕೊಡಲು ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರ ನೀಡಿದೆ. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿಯನ್ನು ಪ್ರಶ್ನಿಸಿದ ಭೀಮ್ ಸಿಂಗ್ ಮೊಕದ್ದಮೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಧನವಿನಿಯೋಗ ಕಾಯಿದೆಯಾದರೆ ಸಾಕು, ಇಂಥ ಯೋಜನೆಗೆ ಪ್ರತ್ಯೇಕ ಕಾಯಿದೆ ಬೇಕಿಲ್ಲ ಎಂದಿತು. ನಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಗಳಿಗೆ ಸಬ್ಸಿಡಿ ಬಂದದ್ದೂ ಯೋಜನೆಯ ಮೂಲಕವೇ. 2019ರ ಕುಸುಮ್ ಯೋಜನೆಯೂ ಮಂತ್ರಿಮಂಡಲ ಒಪ್ಪಿ, ಇಲಾಖೆ ಹೊರಡಿಸಿದ ಮಾರ್ಗಸೂಚಿಯೇ. ಅದರಲ್ಲಿ ಪಂಪಿನ ವೆಚ್ಚಕ್ಕೆ ಕೇಂದ್ರ ಶೇ. 30, ರಾಜ್ಯ ಶೇ. 30, ಉಳಿದದ್ದು ರೈತನದು ಎಂದಿತ್ತು; ಕರ್ನಾಟಕ ತನ್ನ ಪಾಲನ್ನು ಶೇ. 50ಕ್ಕೆ ಏರಿಸಿದ್ದರಿಂದ ರೈತನ ಪಾಲು ಶೇ. 20ಕ್ಕೆ ಇಳಿಯಿತು. ಇದು ಒಳ್ಳೆಯ ಕೆಲಸವೆಂದು ನಾವು ಒಪ್ಪುತ್ತೇವೆ.

ಆದರೆ ಒಂದು ಆದೇಶದಿಂದ ಏರಿದ್ದು ಇನ್ನೊಂದು ಆದೇಶದಿಂದ ಇಳಿಯಬಹುದಲ್ಲ?

ಇಲ್ಲೊಂದು ವಿಚಿತ್ರ ನೋಡಿ. ನಮ್ಮಿಂದ ತೆರಿಗೆ ವಸೂಲು ಮಾಡಬೇಕಾದರೆ 265ನೇ ಅನುಚ್ಛೇದದ ಪ್ರಕಾರ ಕಾಯಿದೆ ಬೇಕೇ ಬೇಕು. ಅದರಂತೆ 2010ರ ಹಣಕಾಸು ಕಾಯಿದೆ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು, ಶುದ್ಧ ಇಂಧನದ ಹೆಸರಿನಲ್ಲಿ. 2016ಕ್ಕೆ ಅದು 400 ಆಯಿತು. ಸಂಗ್ರಹವಾದ ಹಣದ ಅರ್ಧಕ್ಕಿಂತ ಹೆಚ್ಚು ಪಾಲು ಶುದ್ಧ ಇಂಧನದ ನಿಧಿಗೆ ಸೇರಲೇ ಇಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸನ್ನೇ ತೆಗೆದು, ರಾಜ್ಯಗಳಿಗೆ ನಷ್ಟ ಪರಿಹಾರ ಕೊಡುವ ಇನ್ನೊಂದು ಸೆಸ್ಸನ್ನು ಅದರ ಜಾಗದಲ್ಲಿ ಕೂರಿಸಿದರು. ತೆಗೆದುಕೊಳ್ಳಲು ಕಾಯಿದೆ, ಕೊಡಲು ಸುತ್ತೋಲೆ!

ವಿದ್ಯುತ್ ಕಂಪನಿಗಳಿಗೆ ಮಾತ್ರ ಈ ಕಷ್ಟವಿಲ್ಲ. ರಾಜ್ಯ ಸರ್ಕಾರ ಯಾವುದೇ ವರ್ಗದ ಬಳಕೆದಾರರಿಗೆ ದರದಲ್ಲಿ ರಿಯಾಯಿತಿ ಕೊಡಿಸುವುದಾದರೆ ಆ ಹಣವನ್ನು ಕಂಪನಿಗೆ ಮುಂಗಡವಾಗಿ ಕಟ್ಟಬೇಕು, ಕಟ್ಟದಿದ್ದರೆ ಆದೇಶವೇ ಜಾರಿಗೆ ಬಾರದು ಎಂದು 2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೇ ಪ್ರಕರಣ ಹೇಳುತ್ತದೆ. ಆಚರಣೆಯಲ್ಲಿ ಬಾಕಿ ಉಳಿಯುವುದು ಬೇರೆ ಮಾತು. ಕಂಪನಿ ತೋರಿಸಲಿಕ್ಕೆ ಒಂದು ಪ್ರಕರಣವಾದರೂ ಇದೆ. ಸಾಲ ಮಾಡಿ ತನ್ನ ಪಾಲು ಕಟ್ಟಿದ ರೈತನ ಕೈಯಲ್ಲಿರುವುದು ರಸೀದಿ ಮಾತ್ರ.

ಆ ರಸೀದಿಗೆ ಬೆಲೆಯೇ ಇಲ್ಲವೆಂದಲ್ಲ. 1979ರಲ್ಲಿ ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆಯ ಮೊಕದ್ದಮೆಯಲ್ಲಿ, ಸರ್ಕಾರದ ಮಾತು ನಂಬಿ ಬಂಡವಾಳ ಹೂಡಿದವನಿಗೆ ಸರ್ಕಾರ ಆಮೇಲೆ ಕೈಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೆ ಕಾರ್ಖಾನೆ ದಿಲ್ಲಿಯವರೆಗೆ ಹೋಗಬಲ್ಲದು. ಎರಡೆಕರೆ ತೋಟದವನು ಎಲ್ಲಿಯವರೆಗೆ ಹೋದಾನು?

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ. 65ನೇ ಪ್ರಕರಣದಂಥ ಒಂದು ಕಟ್ಟುಪಾಡು ಇಂಧನ ಸಹಾಯಧನಕ್ಕೂ ಬರಲಿ: ರೈತ ತನ್ನ ಪಾಲು ಕಟ್ಟಿದ ದಿನದಿಂದ ಇಂತಿಷ್ಟು ದಿನಗಳೊಳಗೆ ಪಂಪು ಕೂರಬೇಕು, ತಡವಾದರೆ ಅವನ ಹಣ ಬಡ್ಡಿಸಹಿತ ವಾಪಸಾಗಬೇಕು. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ಠರಾವು ಮಂಡಿಸಲಿದ್ದೇವೆ. ಹಣ ಕಟ್ಟಿ ಕಾಯುತ್ತಿರುವ ಸದಸ್ಯರು ತಮ್ಮ ಅರ್ಜಿ, ರಸೀದಿಗಳ ನಕಲನ್ನು ಅದಕ್ಕೆ ಮೊದಲೇ ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಮೂಲ ಪ್ರತಿಯನ್ನು ಮಾತ್ರ ಯಾರಿಗೂ ಕೊಡಬೇಡಿ, ನಮಗೂ ಸಹ.