‘ರೋಧ ಸೊನ್ನೆ’ ಎಂದು ಹೇಳಿ ಪಾಠ ಮುಗಿಸಬಹುದೇ?

‘ಅತಿವಾಹಕದ ರೋಧ ಸೊನ್ನೆ. ಆದ್ದರಿಂದ ಅದರಲ್ಲಿ ಶಕ್ತಿ ನಷ್ಟವೇ ಆಗುವುದಿಲ್ಲ.’ ವಿದ್ಯುತ್ ಪಾಠದ ಕೊನೆಯಲ್ಲಿ, ‘ಹೆಚ್ಚಿನ ಮಾಹಿತಿ’ ಎಂಬ ಶೀರ್ಷಿಕೆಯಡಿ ಪಾಠಯೋಜನೆಗಳಲ್ಲಿ ಸೇರಿಕೊಳ್ಳುವ ಮಾತಿದು. ಎರಡನೆಯ ವಾಕ್ಯ ನೇರ ಪ್ರವಾಹಕ್ಕೆ ಮಾತ್ರ ಸರಿ. ಪರ್ಯಾಯ ಪ್ರವಾಹ ಹರಿಯುವಾಗ ಅತಿವಾಹಕದಲ್ಲೂ ಶಾಖ ಹುಟ್ಟುತ್ತದೆ. ಮಕ್ಕಳ ಮನೆಗೆ ಬರುವುದೇ ಪರ್ಯಾಯ ಪ್ರವಾಹ. ಹೀಗಿರುವಾಗ ಈ ಷರತ್ತನ್ನು ಬಿಟ್ಟು ಕಲಿಸುವುದು ಅರ್ಧ ಸತ್ಯವನ್ನು ಕಲಿಸಿದಂತೆ ಎಂಬುದು ನನ್ನ ಅಭಿಪ್ರಾಯ.

1911ರಲ್ಲಿ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ನೆಸ್ ಅವರ ಪ್ರಯೋಗಾಲಯದಲ್ಲಿ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಣಿಸಿದಾಗ ಅದರ ರೋಧ ಕಾಣೆಯಾಯಿತು. ಇಂದು ಆಸ್ಪತ್ರೆಯ ಎಂಆರ್‌ಐ ಯಂತ್ರದ ಅತಿವಾಹಕ ಸುರುಳಿಯಲ್ಲಿ ಒಮ್ಮೆ ಹರಿಸಿದ ಪ್ರವಾಹ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ನೇರ ಪ್ರವಾಹ.

ಪರ್ಯಾಯ ಪ್ರವಾಹದಲ್ಲಿ ಏನಾಗುತ್ತದೆ? ಪ್ರವಾಹ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಇರುತ್ತದೆಂದು ಹತ್ತನೆಯ ತರಗತಿಯ ಮಕ್ಕಳಿಗೆ ಗೊತ್ತು. ಬಳಕೆಯಲ್ಲಿರುವ ಅತಿವಾಹಕ ತಂತಿಗಳಲ್ಲಿ ಈ ಕ್ಷೇತ್ರ ಬಹಳ ತೆಳುವಾದ ಎಳೆಗಳಾಗಿ ಒಳಹೊಕ್ಕು, ವಸ್ತುವಿನೊಳಗಿನ ಸಣ್ಣಪುಟ್ಟ ದೋಷಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡಿರುವುದು ಒಳ್ಳೆಯದೇ. ಎಳೆಗಳು ಜರುಗದಿದ್ದರೆ ನಷ್ಟವಿಲ್ಲ. ಆದರೆ 50 ಹರ್ಟ್ಸ್ ಪ್ರವಾಹ ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ಪ್ರತಿ ಬಾರಿಯೂ ಎಳೆಗಳನ್ನು ಹಿಡಿತದಿಂದ ಬಿಡಿಸಿ ಜರುಗಿಸಬೇಕು. ಆ ಕೆಲಸ ಶಾಖವಾಗಿ ಹೊರಬರುತ್ತದೆ. ಇದೇ ಹಿಸ್ಟರಿಸಿಸ್ ನಷ್ಟ. ನೇರ ಪ್ರವಾಹದಲ್ಲಿ ನಷ್ಟವನ್ನು ತಡೆಯುವ ಹಿಡಿತವೇ ಪರ್ಯಾಯ ಪ್ರವಾಹದಲ್ಲಿ ನಷ್ಟಕ್ಕೆ ಕಾರಣವಾಗುತ್ತದೆ.

ಇದನ್ನು ತೋರಿಸಲು ಒಂದು ಡಸ್ಟರ್ ಸಾಕು. ಮೇಜಿನ ಮೇಲೆ ಅದನ್ನು ಒಂದು ಕಡೆಗೆ ತಳ್ಳಿ ಬಿಡಿ. ಘರ್ಷಣೆ ಅದನ್ನು ಅಲ್ಲೇ ಹಿಡಿದಿಡುತ್ತದೆ. ಅದಕ್ಕಾಗಿ ಯಾವ ಶಕ್ತಿಯೂ ಖರ್ಚಾಗುವುದಿಲ್ಲ. ಈಗ ಹಿಂದಕ್ಕೂ ಮುಂದಕ್ಕೂ ಉಜ್ಜಿ. ಡಸ್ಟರ್ ಮೊದಲಿದ್ದ ಜಾಗಕ್ಕೇ ಬಂದರೂ ಕೈ ದಣಿದಿರುತ್ತದೆ, ಮೇಜು ಬೆಚ್ಚಗಾಗಿರುತ್ತದೆ. ಸೆಕೆಂಡಿಗೆ ಎರಡು ಪಟ್ಟು ಸಲ ಉಜ್ಜಿದರೆ ಎರಡು ಪಟ್ಟು ಶಾಖ. ಉಜ್ಜುವ ದೂರ ಕಡಿಮೆಯಾದರೆ ಶಾಖವೂ ಕಡಿಮೆ. ಎಂಜಿನಿಯರುಗಳು ಬಳಸುವುದು ಈ ಕೊನೆಯ ಅಂಶವನ್ನೇ: ತಾಮ್ರದೊಳಗೆ ನಿಯೋಬಿಯಂ-ಟೈಟಾನಿಯಂನ ಸೂಕ್ಷ್ಮ ತಂತುಗಳನ್ನು ಹುದುಗಿಸಿ, ಅವು ಒಂದೇ ದಪ್ಪ ತಂತಿಯಂತೆ ವರ್ತಿಸದಿರಲೆಂದು ಹುರಿಗೊಳಿಸುತ್ತಾರೆ.

‘ನಷ್ಟ ಅಷ್ಟು ಚಿಕ್ಕದಾದರೆ ಮಕ್ಕಳಿಗೇಕೆ ಹೇಳಬೇಕು?’ ಎಂದು ಕೇಳಬಹುದು. ಚಿಕ್ಕದು ನಿಜ, ಆದರೆ ಆ ಶಾಖ ಹುಟ್ಟುವುದು ಕಡುಚಳಿಯ ಜಾಗದಲ್ಲಿ. ದ್ರವ ಸಾರಜನಕದ 77 ಕೆಲ್ವಿನ್‌ನಿಂದ 1 ವಾಟ್ ಶಾಖವನ್ನು 300 ಕೆಲ್ವಿನ್‌ನ ಹೊರಗಾಳಿಗೆ ಸಾಗಿಸಲು, ಕಾರ್ನೋ ಲೆಕ್ಕದಂತೆ, (300 − 77) ÷ 77, ಅಂದರೆ ಕನಿಷ್ಠ 2.9 ವಾಟ್ ಬೇಕು. 4.2 ಕೆಲ್ವಿನ್‌ನಿಂದಾದರೆ ಕನಿಷ್ಠ 70 ವಾಟ್. ನಿಜವಾದ ಯಂತ್ರಗಳಿಗೆ ಇದರ ಹಲವು ಪಟ್ಟು ಬೇಕಾಗುತ್ತದೆ. ಜರ್ಮನಿಯ ಎಸೆನ್ ನಗರದಲ್ಲಿ 2014ರಲ್ಲಿ ಚಾಲನೆಗೆ ಬಂದ, 10,000 ವೋಲ್ಟ್‌ನ ಸುಮಾರು 1 ಕಿಲೋಮೀಟರ್ ಉದ್ದದ ಅತಿವಾಹಕ ಕೇಬಲ್ ಪರ್ಯಾಯ ಪ್ರವಾಹವನ್ನೇ ಸಾಗಿಸಿತು. ಅದಕ್ಕೂ ದ್ರವ ಸಾರಜನಕದ ತಣಿಸುವ ವ್ಯವಸ್ಥೆ ಬೇಕಾಯಿತು. ಅತಿವಾಹಕ ಉಪಯೋಗಕ್ಕೆ ಬಾರದು ಎಂದು ಇದರ ಅರ್ಥವಲ್ಲ. ಅದರ ಲಾಭವನ್ನು ತಣಿಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು.

‘ಪಠ್ಯದಲ್ಲಿಲ್ಲ, ಅವಧಿ ಸಾಲದು, ಮಕ್ಕಳಿಗೆ ಗೊಂದಲವಾಗುತ್ತದೆ’ ಎಂಬ ಆಕ್ಷೇಪಣೆಗಳನ್ನು ಬಲ್ಲೆ. ಸಮಯವಿಲ್ಲದಿದ್ದರೆ ಅತಿವಾಹಕದ ಮಾತನ್ನೇ ಎತ್ತದಿರುವುದು ಮೇಲು. ಎತ್ತಿದ ಮೇಲೆ ಷರತ್ತನ್ನೂ ಹೇಳಬೇಕು; ಅದಕ್ಕೆ ಡಸ್ಟರ್ ಪ್ರಯೋಗ ಸೇರಿ ಐದು ನಿಮಿಷ ಸಾಕು. ಗೊಂದಲ ಮೂಡಿಸುವುದು ಷರತ್ತಲ್ಲ, ಷರತ್ತಿಲ್ಲದ ಘೋಷಣೆ. 2023ರಲ್ಲಿ ದಕ್ಷಿಣ ಕೊರಿಯಾದಿಂದ ಎಲ್‌ಕೆ-99 ಎಂಬ, ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಅತಿವಾಹಕದ ಸುದ್ದಿ ಹಬ್ಬಿತು; ಕೆಲವೇ ವಾರಗಳಲ್ಲಿ ಇತರ ಪ್ರಯೋಗಾಲಯಗಳ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಇಂಥ ಸುದ್ದಿ ಮತ್ತೆ ಬಂದೀತು. ಆಗ ‘ಯಾವ ಪ್ರವಾಹಕ್ಕೆ? ಯಾವ ಉಷ್ಣತೆಯಲ್ಲಿ?’ ಎಂದು ಕೇಳಬಲ್ಲ ವಿದ್ಯಾರ್ಥಿ ವಿಜ್ಞಾನವನ್ನು ಕಲಿತಿದ್ದಾನೆ ಎನ್ನಬಹುದು.

ಆದ್ದರಿಂದ ಮುಂದಿನ ಅಭ್ಯಾಸ ಪಾಠದ ಮೌಲ್ಯಮಾಪನ ಹಂತದಲ್ಲಿ ಈ ಒಂದು ಪ್ರಶ್ನೆ ಸೇರಿಸಿ: ‘ಅತಿವಾಹಕ ತಂತಿಯಲ್ಲಿ ನೇರ ಪ್ರವಾಹ ಹರಿದಾಗ ನಷ್ಟವಿಲ್ಲ, ಪರ್ಯಾಯ ಪ್ರವಾಹ ಹರಿದಾಗ ನಷ್ಟವಿದೆ. ಏಕೆ?’ ಉತ್ತರ ಬರೆಯಲು ಮಕ್ಕಳು ಕಾಂತಕ್ಷೇತ್ರ, ಕೆಲಸ, ಶಾಖ ಈ ಮೂರು ಪಾಠಗಳನ್ನೂ ಒಟ್ಟಿಗೆ ನೆನೆಯಬೇಕಾಗುತ್ತದೆ.